ಧೀಂಗಿಣಕ್ಕೆ ಶಿಳ್ಳೆ ಹೊಡೆಯುವ ನಾವು ಕಾಲಿನ ಕಥೆ ಕೇಳಿದ್ದೇವಾ?

ರಾತ್ರಿ ಹತ್ತೂವರೆ ಗಂಟೆ. ಚೆಂಡೆಯ ಸದ್ದು ಏರುತ್ತಾ ಹೋಯಿತು. ಪುಂಡುವೇಷದ ಹುಡುಗ ರಂಗಸ್ಥಳದ ಮಧ್ಯಕ್ಕೆ ಬಂದವನೇ ಧೀಂಗಿಣ ಶುರು ಮಾಡಿದ. ಒಂದು, ಎರಡು, ಮೂರು. ನಮ್ಮ ಹಿಂದೆ ಕೂತವರು ಗಟ್ಟಿಯಾಗಿ ಲೆಕ್ಕ ಹಾಕತೊಡಗಿದರು. ಇಪ್ಪತ್ತು ದಾಟುವಾಗ ಶಿಳ್ಳೆ, ಮೂವತ್ತು ದಾಟುವಾಗ ಚಪ್ಪಾಳೆ. ಕುರ್ಚಿಗಳ ನಡುವಿನಿಂದ ಮೊಬೈಲುಗಳು ಮೇಲೆದ್ದವು. ನಮ್ಮದೂ ಎದ್ದಿತ್ತು.

ಆಟ ಮುಗಿದ ಮೇಲೆ ಎರಡು ಮಾತು ಆಡಿಸೋಣ ಎಂದು ಚೌಕಿಗೆ ಹೋದೆವು. ಹುಡುಗ ಗೆಜ್ಜೆ ಬಿಚ್ಚಿಟ್ಟು, ಪೆಟ್ಟಿಗೆಗೆ ಒರಗಿ ಕಾಲು ಚಾಚಿ ಕೂತಿದ್ದ. ಬಲಗಾಲಿನ ಗಂಟಿಗೆ ಎರಡು ನೀಕ್ಯಾಪ್, ಒಂದರ ಮೇಲೊಂದು. ಅವನ್ನು ಎಳೆದು ತೆಗೆದಾಗ ಗಂಟು ಊದಿ ದುಂಡಗಾಗಿತ್ತು.

"ಎಂಥ ಮಾರಾಯ ಇದು?"

"ಎಂಥ ಇಲ್ಲ ಅಣ್ಣ. ನೀರು ತುಂಬಿದ್ದು. ಐಸ್ ಇಟ್ಟರೆ ಬೆಳಿಗ್ಗೆ ಇಳಿಯುತ್ತದೆ."

"ಡಾಕ್ಟರಿಗೆ ತೋರಿಸಿದ್ದೀಯಾ?"

"ಪತ್ತನಾಜೆ ಕಳೆಯಲಿ. ಈಗ ರಜೆ ಹಾಕಿದರೆ ವೇಷ ಬೇರೆಯವರಿಗೆ ಹೋಗುತ್ತದೆ."

ಅವನಿಗೆ 24 ವರ್ಷ. ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಗೆ ಇನ್ನೂ ಮೂರು ತಿಂಗಳಿತ್ತು.

ನಾವು ಮನೆಗೆ ಬಂದು ವಿಡಿಯೋ ಹಾಕಿದೆವು. "ಧೀಂಗಿಣದ ಸುರಿಮಳೆ" ಎಂದು ತಲೆಬರಹ ಕೊಟ್ಟೆವು. ಊದಿದ ಗಂಟಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಈ ಬರಹವನ್ನು ಆ ತಪ್ಪಿಗೆ ಪ್ರಾಯಶ್ಚಿತ್ತ ಎಂದೇ ತಿಳಿದುಕೊಳ್ಳಿ.

ಕರಾವಳಿಯ ಹೊರಗಿನ ಓದುಗರಿಗೆ ಒಂದು ಮಾತು. ತೆಂಕುತಿಟ್ಟು ಯಕ್ಷಗಾನದಲ್ಲಿ ಕಲಾವಿದ ನೆಲದಿಂದ ಮೇಲೆದ್ದು, ಗಾಳಿಯಲ್ಲಿ ಮೈ ತಿರುಗಿಸಿ, ನೆಲ ಮುಟ್ಟಿದ ಕ್ಷಣವೇ ಮತ್ತೆ ಏಳುತ್ತಾ ಸುತ್ತು ಬರುವ ಹಾರಾಟಕ್ಕೆ ಧೀಂಗಿಣ ಎನ್ನುತ್ತಾರೆ. ಅಭಿಮನ್ಯು, ಬಬ್ರುವಾಹನರಂಥ ಪುಂಡುವೇಷಗಳಿಗೆ ಇದು ಕಳೆ. ಪುತ್ತೂರು ಶ್ರೀಧರ ಭಂಡಾರಿಯವರು ಧೀಂಗಿಣಕ್ಕೇ ಹೆಸರಾಗಿದ್ದರು. 2021ರಲ್ಲಿ ಅವರು ತೀರಿಕೊಂಡಾಗ ಊರಿನವರೆಲ್ಲ ಮೊದಲು ನೆನಪಿಸಿಕೊಂಡದ್ದು ಆ ಹಾರಾಟವನ್ನೇ.

ನಮ್ಮ ವಾದ ಸಣ್ಣದು. ಧೀಂಗಿಣ ಬೇಡ ಎಂದು ನಾವು ಹೇಳುವುದಿಲ್ಲ. ಅದು ಬೇಕು. ಆದರೆ ಧೀಂಗಿಣ ಕೇಳುವವರು ಅದನ್ನು ಹೊರುವ ಕಾಲನ್ನು ಬಲಪಡಿಸುವ ಜವಾಬ್ದಾರಿಯನ್ನೂ ಹೊರಬೇಕು. ಅದಕ್ಕೆ ಜಿಮ್ ಬೇಕಿಲ್ಲ, ಲಕ್ಷಗಟ್ಟಲೆ ಹಣ ಬೇಕಿಲ್ಲ. ಒಂದು ರಬ್ಬರ್ ಪಟ್ಟಿ, ವಾರಕ್ಕೆ ಮೂರು ದಿನ ಅರ್ಧ ಗಂಟೆ, ಮತ್ತು ಅದನ್ನು ಪಾಠದ ಭಾಗ ಎಂದು ಒಪ್ಪುವ ಗುರು. ಇಷ್ಟು ಸಾಕು.

ಎತ್ತರ ತೀರ್ಮಾನವಾಗುವುದು ನೆಲದಲ್ಲೇ

ಹಾರುವವನನ್ನು ನೋಡುವಾಗ ನಮ್ಮ ಕಣ್ಣು ಗಾಳಿಯಲ್ಲಿರುತ್ತದೆ. ಆದರೆ ಎಷ್ಟು ಎತ್ತರ ಎಂಬುದು ಗಾಳಿಯಲ್ಲಿ ತೀರ್ಮಾನವಾಗುವುದಲ್ಲ. ಪಾದ ನೆಲ ಬಿಡುವ ಹೊತ್ತಿಗೆ ಮೈಗೆ ಎಷ್ಟು ವೇಗ ಸಿಕ್ಕಿತ್ತೋ ಅಷ್ಟೇ. ಒಮ್ಮೆ ನೆಲ ಬಿಟ್ಟ ಮೇಲೆ ಒಂದು ಸೆಂಟಿಮೀಟರ್ ಸೇರಿಸಲೂ ಯಾರಿಂದಲೂ ಸಾಧ್ಯವಿಲ್ಲ.

ಆ ವೇಗವನ್ನು ಕೊಡುವುದು ಮೂರು ಕಡೆಯ ಸ್ನಾಯುಗಳು. ಸೊಂಟದ ಹಿಂಬದಿಯ ದಪ್ಪ ಸ್ನಾಯು, ತೊಡೆಯ ಮುಂಭಾಗ, ಕಾಲಿನ ಮೀನಖಂಡ. ಮಂಡಿ ಸ್ವಲ್ಪ ಬಾಗಿ, ಈ ಮೂರೂ ಹಿಗ್ಗಿ, ತಕ್ಷಣ ಕುಗ್ಗಿ ನೆಲವನ್ನು ಒದೆಯುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಅಷ್ಟು ಚಿಕ್ಕ ಹೊತ್ತಿನಲ್ಲಿ ಹೆಚ್ಚು ಬಲ ಹಾಕಬೇಕಾದರೆ ಸ್ನಾಯುವಿನಲ್ಲಿ ಬಲ ಇರಬೇಕು.

ಒಂದು ಲೆಕ್ಕ ನೋಡಿ. 30 ಸೆಂಟಿಮೀಟರ್ ಹಾರಿದವನು ಗಾಳಿಯಲ್ಲಿ ಸುಮಾರು ಅರ್ಧ ಸೆಕೆಂಡ್ ಇರುತ್ತಾನೆ. 40 ಸೆಂಟಿಮೀಟರ್ ಹಾರಿದರೆ 0.57 ಸೆಕೆಂಡ್. ನೂರರಲ್ಲಿ ಏಳೆಂಟು ಭಾಗದಷ್ಟು ಸೆಕೆಂಡ್ ಹೆಚ್ಚು ಸಿಕ್ಕಿತು. ಕೇಳಲು ಏನೂ ಅಲ್ಲ ಅನ್ನಿಸಬಹುದು. ಚೆಂಡೆಯ ಓಟದಲ್ಲಿ ಅದೇ ದೊಡ್ಡದು. ಅಷ್ಟು ಹೊತ್ತು ಸಿಕ್ಕವನು ಸುತ್ತನ್ನು ಪೂರ್ತಿ ಮಾಡಿ, ಪಾದ ಸರಿಯಾಗಿ ಇಟ್ಟು, ತಾಳಕ್ಕೆ ಸಿಗುತ್ತಾನೆ. ಸಿಗದವನು ಅರೆ ತಿರುಗಿದ ಕಾಲಲ್ಲೇ ಇಳಿಯುತ್ತಾನೆ. ಅರೆ ತಿರುಗಿದ ಕಾಲಿನ ಮೇಲೆ ಮೈಭಾರ ಬಿದ್ದಾಗಲೇ ಗಂಟು ತಿರುಚುವುದು.

ಇಳಿಯುವುದರ ಲೆಕ್ಕ ಇನ್ನೂ ಕಠಿಣ. ಹಾರಿ ಇಳಿಯುವಾಗ ಕಾಲಿನ ಮೇಲೆ ಬೀಳುವ ಹೊಡೆತ ಮೈಭಾರದ ಹಲವು ಪಟ್ಟು. ಅದರ ಮೇಲೆ ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆಯ ಭಾರ ಬೇರೆ. ಒಂದು ರಾತ್ರಿಗೆ 30 ಧೀಂಗಿಣ ಎಂದು ಹಿಡಿಯಿರಿ. ತಿರುಗಾಟದಲ್ಲಿ 150 ರಾತ್ರಿ ಎಂದು ಹಿಡಿಯಿರಿ. 4,500 ಸಲ ಆ ಹೊಡೆತ. ಅದನ್ನು ತೊಡೆ ಮತ್ತು ಸೊಂಟದ ಸ್ನಾಯು ಹೀರಿಕೊಂಡರೆ ಸರಿ. ಸ್ನಾಯು ಸೋತರೆ ಪೆಟ್ಟು ನೇರವಾಗಿ ಗಂಟಿನ ಚಿಪ್ಪಿಗೆ, ಅದರ ಕೆಳಗಿನ ನರದಂಥ ಗಟ್ಟಿ ಪಟ್ಟಿಗೆ ಹೋಗುತ್ತದೆ.

ಈಗ ಕಾಲಮಿತಿಯ ಆಟಗಳು ಹೆಚ್ಚಾಗಿವೆ. ನಿದ್ದೆಗೆ ಅನುಕೂಲ, ನಿಜ. ಆದರೆ ಇಡೀ ರಾತ್ರಿಗೆ ಹರಡಿದ್ದ ಕುಣಿತ ನಾಲ್ಕೈದು ಗಂಟೆಯೊಳಗೆ ಒತ್ತಿಕೊಂಡಿದೆ. ನಡುವೆ ಕಾಲಿಗೆ ಸಿಗುತ್ತಿದ್ದ ವಿರಾಮ ಕಡಿಮೆಯಾಗಿದೆ.

"ಹಿಂದಿನವರು ಯಾವ ರಬ್ಬರ್ ಕಟ್ಟಿದ್ದರು?"

ಈ ಮಾತು ಎತ್ತಿದ ಕೂಡಲೇ ಬರುವ ಉತ್ತರ ಇದು. ಹಿರಿಯ ಕಲಾವಿದರೊಬ್ಬರು ನಮಗೂ ಇದನ್ನೇ ಕೇಳಿದರು. "ನಾವು ಕುಣಿದದ್ದೇ ವ್ಯಾಯಾಮ ಮಾರಾಯ್ರೆ. ಬೇರೆ ಎಂಥ ಬೇಕು?"

ಪ್ರಶ್ನೆಯಲ್ಲಿ ಹುರುಳಿದೆ, ಹಾಗಾಗಿ ಗೌರವದಿಂದಲೇ ಉತ್ತರಿಸಬೇಕು. ಹಿಂದಿನವರು ರಬ್ಬರ್ ಕಟ್ಟಿರಲಿಲ್ಲ. ಆದರೆ ಒಂದೂರಿನಿಂದ ಇನ್ನೊಂದೂರಿಗೆ ನಡೆದೇ ಹೋಗುತ್ತಿದ್ದರು. ಗುಡ್ಡ ಹತ್ತಿ ಇಳಿಯುತ್ತಿದ್ದರು. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ಉಳುಮೆ, ನೇಜಿ ಹೊರುವುದು, ಹಟ್ಟಿಗೆ ಸೊಪ್ಪು ತರುವುದು. ಕೆಸರಿನಿಂದ ಕಾಲು ಕಿತ್ತು ಇಡುವುದಕ್ಕಿಂತ ಒಳ್ಳೆಯ ತೊಡೆಯ ವ್ಯಾಯಾಮ ಯಾವುದಿದೆ? ಅವರ ಬದುಕೇ ಅವರಿಗೆ ಬಲ ಕೊಟ್ಟಿತ್ತು. ಕುಣಿತ ಆ ಬಲವನ್ನು ಖರ್ಚು ಮಾಡಿತು.

ಇವತ್ತಿನ ಹುಡುಗ ಹಗಲು ಅಂಗಡಿಯಲ್ಲೋ ಸೊಸೈಟಿಯಲ್ಲೋ ಕುರ್ಚಿಯಲ್ಲಿ ಕೂತು, ಸಂಜೆ ಬೈಕಿನಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಹೋಗಿ, ನೇರ ವೇಷ ಕಟ್ಟುತ್ತಾನೆ. ಕೊಯ್ಲಾದ ಗದ್ದೆಯ ಮಣ್ಣಿನ ಬದಲು ಎಷ್ಟೋ ಕಡೆ ಸಿಮೆಂಟು ನೆಲದ ಮೇಲೆ ಕುಣಿಯುತ್ತಾನೆ. ಖರ್ಚು ಹಾಗೆಯೇ ಇದೆ. ಆದಾಯ ನಿಂತಿದೆ.

ಇನ್ನೊಂದು ವಿಷಯವೂ ಇದೆ. ನಾವು ನೆನಪಿಟ್ಟುಕೊಂಡಿರುವುದು ಅರವತ್ತರಲ್ಲೂ ಕುಣಿದವರನ್ನು. ಮೂವತ್ತೈದಕ್ಕೆ ಗಂಟು ಹೋಗಿ ಮನೆ ಸೇರಿದವರ ಹೆಸರು ಯಾರಿಗೆ ನೆನಪಿದೆ? ಹಿಂದೆ ಯಾರಿಗೂ ಏನೂ ಆಗಿರಲಿಲ್ಲ ಎನ್ನುವವರು ನಿಮ್ಮೂರಿನ ಹಳೆಯ ವೇಷಧಾರಿಗಳು ಮೆಟ್ಟಿಲು ಇಳಿಯುವುದನ್ನು ಒಮ್ಮೆ ನೋಡಿ.

ಕಲೆಯ ಪಾಠಕ್ಕೆ ಮೊದಲು ಮೈ ಪಾಠ ಎಂಬುದು ಹೊರಗಿನಿಂದ ಬಂದ ಮಾತಲ್ಲ. ನೆರೆಯ ಕೇರಳದ ಕಥಕಳಿಯಲ್ಲಿ ಮಕ್ಕಳಿಗೆ ನಸುಕಿನಲ್ಲೇ ಮೈ ಸಾಧನೆಯ ವ್ಯಾಯಾಮ, ಮಳೆಗಾಲದಲ್ಲಿ ಮೈಗೆ ಎಣ್ಣೆ ಹಚ್ಚಿ ಕಾಲಿನಿಂದ ತಿಕ್ಕುವ ಉಳಿಚ್ಚಿಲ್. 1930ರಲ್ಲಿ ಶುರುವಾದ ಕೇರಳ ಕಲಾಮಂಡಲವೂ ಅದನ್ನು ಪಾಠದ ಒಳಗೇ ಇಟ್ಟುಕೊಂಡಿತು. ಅಲ್ಲಿ ಯಾರೂ ಅದನ್ನು ಕಲೆಗೆ ಹೊರಗಿನದು ಎನ್ನಲಿಲ್ಲ. ನಮ್ಮ ಗರಡಿ ಮನೆಯ ಬಸ್ಕಿಯೂ ಅದೇ ವಿದ್ಯೆ.

ಈ ಪಟ್ಟಿಯಲ್ಲಿ ಏನಿದೆ?

ರೆಸಿಸ್ಟೆನ್ಸ್ ಬ್ಯಾಂಡ್ ಎಂದರೆ ಎಳೆದರೆ ಹಿಗ್ಗುವ ರಬ್ಬರ್ ಪಟ್ಟಿ. ಎರಡು ಬಗೆ. ಒಂದು ಬಳೆಯ ಹಾಗೆ ದುಂಡಗಿನದು, ಮೊಣಕಾಲಿನ ಮೇಲೆ ಹಾಕಿಕೊಳ್ಳುವುದು. ಇನ್ನೊಂದು ಉದ್ದನೆಯದು, ಕಾಲಡಿ ಇಟ್ಟು ಕೈಯಲ್ಲಿ ಹಿಡಿಯುವುದು ಅಥವಾ ಕಂಬಕ್ಕೆ ಕಟ್ಟುವುದು. ಬಣ್ಣ ಬೇರೆ ಬೇರೆ ಇದ್ದರೆ ಬಿಗಿಯೂ ಬೇರೆ ಬೇರೆ ಎಂದರ್ಥ. ಯಾವ ಬಣ್ಣ ಎಷ್ಟು ಬಿಗಿ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಗಾಗಿ ಬಣ್ಣ ನಂಬದೆ ಎಳೆದು ನೋಡಿಯೇ ತೆಗೆದುಕೊಳ್ಳಿ. ಐನೂರು ರೂಪಾಯಿಯ ಆಸುಪಾಸಿನಲ್ಲಿ ಮೂರು ನಾಲ್ಕು ಪಟ್ಟಿಗಳ ಸೆಟ್ ಸಿಗುತ್ತದೆ.

ನಮ್ಮೂರಿನ ಕಬಡ್ಡಿ ಹುಡುಗರಿಗೆ ಇದು ಹೊಸತೇನಲ್ಲ. ಅವರು ಹಳೆ ಸೈಕಲ್ ಟ್ಯೂಬನ್ನು ತೆಂಗಿನ ಮರಕ್ಕೆ ಕಟ್ಟಿ ಎಳೆಯುತ್ತಿದ್ದದ್ದು ಇದನ್ನೇ.

ಭಾರ ಎತ್ತುವುದಕ್ಕೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ಹತ್ತು ಕಿಲೋ ಕಲ್ಲು ಕೆಳಗೂ ಹತ್ತು ಕಿಲೋ, ಮೇಲೂ ಹತ್ತು ಕಿಲೋ. ರಬ್ಬರ್ ಹಾಗಲ್ಲ. ಹಿಗ್ಗಿದಷ್ಟೂ ಬಿಗಿ ಹೆಚ್ಚು. ಬಸ್ಕಿಯಲ್ಲಿ ಪೂರ್ತಿ ಕೂತಾಗ ನಮ್ಮ ಕಾಲಿಗೆ ಶಕ್ತಿ ಕಡಿಮೆ, ಆಗ ಪಟ್ಟಿಯೂ ಸಡಿಲ. ಏಳುತ್ತಾ ಬಂದಂತೆ ಕಾಲಿಗೆ ಶಕ್ತಿ ಹೆಚ್ಚು, ಪಟ್ಟಿಯೂ ಬಿಗಿ. ಹಾಗಾಗಿ ಕೊನೆಯ ತನಕ ಒತ್ತಲೇಬೇಕು. ಹಾರುವವನಿಗೆ ಬೇಕಾದದ್ದೂ ಕೊನೆಯ ತನಕ ಒತ್ತುವ ಅಭ್ಯಾಸವೇ.

ರಬ್ಬರಿನಿಂದ ನಿಜವಾಗಿ ಬಲ ಬರುತ್ತದಾ ಎಂಬ ಸಂಶಯ ನಮಗೂ ಇತ್ತು. 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ರಬ್ಬರ್ ಪಟ್ಟಿಯಿಂದ ಅಭ್ಯಾಸ ಮಾಡಿದವರಿಗೂ ಯಂತ್ರ, ಡಂಬೆಲ್ ಬಳಸಿದವರಿಗೂ ಬಲ ಹೆಚ್ಚಿದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಪೆಟ್ಟಿನ ವಿಷಯದಲ್ಲಿ ಇನ್ನೂ ದೊಡ್ಡ ಸಾಕ್ಷಿ ಇದೆ. 2014ರಲ್ಲಿ ಡೆನ್ಮಾರ್ಕಿನ ಸಂಶೋಧಕರು 25 ಪ್ರಯೋಗಗಳನ್ನು, 26 ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟು ಮಾಡಿದರು. ಮೈ ಎಳೆಯುವ ಸ್ಟ್ರೆಚಿಂಗ್‌ನಿಂದ ಆಟಗಾರರ ಗಾಯ ಕಡಿಮೆಯಾದದ್ದು ಕಾಣಲಿಲ್ಲ. ಬಲ ಹೆಚ್ಚಿಸುವ ವ್ಯಾಯಾಮದಿಂದ ಮಾತ್ರ ಗಾಯಗಳು ಮೂರರಲ್ಲಿ ಒಂದು ಭಾಗಕ್ಕೂ ಕೆಳಗೆ ಇಳಿದಿದ್ದವು. ಅವರು ಆಟಗಾರರು, ವೇಷಧಾರಿಗಳಲ್ಲ. ಆದರೆ ಗಂಟು ಎಲ್ಲರದ್ದೂ ಒಂದೇ ಬಗೆಯದು. ಚೌಕಿಯಲ್ಲಿ ಎರಡು ನಿಮಿಷ ಕಾಲು ಎಳೆದು ರಂಗಕ್ಕೆ ಹೋಗುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು.

ಮೈ ಗಟ್ಟಿಯಾದರೆ ಲಾಲಿತ್ಯ ಹೋಗುತ್ತದಾ?

ಇದು ಗುರುಗಳ ಭಯ. ಜಿಮ್ಮಿಗೆ ಹೋದ ಹುಡುಗನ ಹಾಗೆ ಭುಜ ತೊಡೆ ಉಬ್ಬಿದರೆ ವೇಷದ ಅಂದ ಕೆಡುತ್ತದೆ, ಮೈ ಬಾಗುವುದಿಲ್ಲ ಎನ್ನುತ್ತಾರೆ.

ಇದೇ ಭಯ ಬ್ಯಾಲೆ ನೃತ್ಯದವರಿಗೂ ಇತ್ತು. ಅವರಿಗಂತೂ ತೊಡೆ ಒಂದು ಇಂಚು ಹೆಚ್ಚಾದರೂ ಕಷ್ಟ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೃತ್ತಿಪರ ಬ್ಯಾಲೆ ನರ್ತಕಿಯರಿಗೆ ಹನ್ನೆರಡು ವಾರ ತೊಡೆಯ ಬಲದ ವ್ಯಾಯಾಮ ಮಾಡಿಸಿದರು. ತೊಡೆಯ ಬಲ ಹೆಚ್ಚಾಯಿತು, ತೊಡೆಯ ಸುತ್ತಳತೆ ಹೆಚ್ಚಾಗಲಿಲ್ಲ.

ಮೊದಮೊದಲು ಬಲ ಹೆಚ್ಚುವುದು ಸ್ನಾಯು ದಪ್ಪವಾಗುವುದರಿಂದಲ್ಲ. ಇರುವ ಸ್ನಾಯುವನ್ನು ಮಿದುಳು ಹೆಚ್ಚು ಚೆನ್ನಾಗಿ ಬಳಸಲು ಕಲಿಯುತ್ತದೆ. ಮದ್ದಳೆ ಕಲಿಯುವವನ ಬೆರಳು ದಪ್ಪವಾಗದೆ ನುಡಿ ಗಟ್ಟಿಯಾಗುವ ಹಾಗೆ. ಪಟ್ಟಿಯಿಂದ ವಾರಕ್ಕೆ ಒಂದೂವರೆ ಗಂಟೆ ಕೆಲಸ ಮಾಡಿದ ಮಾತ್ರಕ್ಕೆ ಯಾರೂ ಪೈಲ್ವಾನರಾಗುವುದಿಲ್ಲ. ನಿಜ ಹೇಳಬೇಕೆಂದರೆ, ಲಾಲಿತ್ಯ ಕೆಡುವುದು ನೋವಿರುವ ಕಾಲಿನಿಂದ. ನೋವನ್ನು ತಪ್ಪಿಸಲು ಕಲಾವಿದ ಹೆಜ್ಜೆಯನ್ನೇ ಕದಿಯುತ್ತಾನೆ.

ಮಾಡುವುದು ಹೇಗೆ?

ನಾವು ವೈದ್ಯರಲ್ಲ, ನಾಟ್ಯಗುರುಗಳೂ ಅಲ್ಲ. ಫಿಸಿಯೋಥೆರಪಿಸ್ಟರು, ದೈಹಿಕ ಶಿಕ್ಷಕರು ಸಾಮಾನ್ಯವಾಗಿ ಹೇಳಿಕೊಡುವ, ಎಲ್ಲರಿಗೂ ತಿಳಿದಿರುವ ಐದು ವ್ಯಾಯಾಮಗಳನ್ನು ಇಲ್ಲಿ ಬರೆಯುತ್ತೇವೆ. ಈಗಾಗಲೇ ಗಂಟು ನೋವು, ಊತ ಇದ್ದವರು ಇದನ್ನು ಓದಿ ಶುರು ಮಾಡಬೇಡಿ. ಮೊದಲು ತೋರಿಸಿಕೊಳ್ಳಿ.

ಮೊದಲನೆಯದು ಬಸ್ಕಿ. ಉದ್ದ ಪಟ್ಟಿಯ ಮೇಲೆ ಎರಡೂ ಪಾದ ಇಟ್ಟು, ತುದಿಗಳನ್ನು ಭುಜದ ಹತ್ತಿರ ಹಿಡಿಯಿರಿ. ಮೂರು ಎಣಿಸುತ್ತಾ ನಿಧಾನ ಕೂರಿ. ಏಳುವಾಗ ಚುರುಕಾಗಿ ಏಳಿ. ಮಂಡಿ ಒಳಕ್ಕೆ ವಾಲದೆ ಪಾದದ ಬೆರಳಿನ ದಿಕ್ಕಿಗೇ ಇರಬೇಕು.

ಎರಡನೆಯದು ಅಡ್ಡ ನಡಿಗೆ. ದುಂಡಗಿನ ಪಟ್ಟಿಯನ್ನು ಮೊಣಕಾಲಿನ ಮೇಲೆ ಹಾಕಿ, ಸ್ವಲ್ಪ ಬಾಗಿ ನಿಂತು, ಏಡಿಯ ಹಾಗೆ ಬಲಕ್ಕೆ ಹತ್ತು ಹೆಜ್ಜೆ, ಎಡಕ್ಕೆ ಹತ್ತು ಹೆಜ್ಜೆ. ಸೊಂಟದ ಪಕ್ಕದಲ್ಲಿ ಉರಿ ಹತ್ತಬೇಕು. ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಹಿಡಿಯುವ ಸ್ನಾಯು ಅದೇ.

ಮೂರನೆಯದು ಸೊಂಟ ಎತ್ತುವುದು. ಅಂಗಾತ ಮಲಗಿ, ಮಂಡಿ ಮಡಚಿ, ಪಟ್ಟಿ ಮೊಣಕಾಲಿನ ಮೇಲೆಯೇ ಇರಲಿ. ಹಿಮ್ಮಡಿ ಊರಿ ಸೊಂಟ ಎತ್ತಿ, ಎರಡು ಎಣಿಸಿ ಇಳಿಸಿ.

ನಾಲ್ಕನೆಯದು ಹಿಂದಕ್ಕೆ ಎಳೆತ. ಪಟ್ಟಿಯನ್ನು ಕಂಬದ ಬುಡಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹರಡಿಗೆ ಹಾಕಿ. ಕಂಬಕ್ಕೆ ಮುಖ ಮಾಡಿ ನಿಂತು ಕಾಲನ್ನು ನೇರ ಹಿಂದಕ್ಕೆ ಎಳೆಯಿರಿ. ಬೆನ್ನು ಬಾಗಬಾರದು.

ಐದನೆಯದು ಮೀನಖಂಡ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು. ಮೊದಲು ಎರಡು ಕಾಲಲ್ಲಿ, ಮತ್ತೆ ಒಂದೇ ಕಾಲಲ್ಲಿ. ಅದೂ ಸುಲಭವಾದರೆ ಉದ್ದ ಪಟ್ಟಿಯನ್ನು ಪಾದದಡಿ ಹಾಕಿ, ತುದಿಗಳನ್ನು ಕೈಯಲ್ಲಿ ಬಿಗಿ ಹಿಡಿದು ಮಾಡಬಹುದು.

ಒಂದೊಂದೂ 10ರಿಂದ 12 ಸಲ, ಎರಡು ಅಥವಾ ಮೂರು ಸುತ್ತು. ದಿನ ಬಿಟ್ಟು ದಿನ, ವಾರಕ್ಕೆ ಮೂರು ದಿನ. 15 ಸಲ ಸಲೀಸಾಗಿ ಆಗತೊಡಗಿದರೆ ಇನ್ನೂ ಬಿಗಿಯಾದ ಪಟ್ಟಿಗೆ ಹೋಗಿ. ಸ್ನಾಯು ಉರಿದರೆ ಚಿಂತೆ ಇಲ್ಲ. ಗಂಟಿನ ಒಳಗೆ ಚುಚ್ಚಿದ ಹಾಗೆ ಆದರೆ ನಿಲ್ಲಿಸಿ.

ಪಟ್ಟಿಯ ಬಗ್ಗೆಯೂ ಎಚ್ಚರ. ಪ್ರತಿ ಸಲ ಬೆಳಕಿಗೆ ಹಿಡಿದು ಬಿರುಕು ನೋಡಿ. ಬಿಸಿಲಿಗೆ ಇಟ್ಟರೆ ರಬ್ಬರ್ ಬೇಗ ಸಾಯುತ್ತದೆ. ಮುಖದ ನೇರಕ್ಕೆ ಎಳೆಯುವಂತೆ ಎಂದೂ ಕಟ್ಟಬೇಡಿ, ತುಂಡಾದರೆ ಕಣ್ಣಿಗೆ ಹೊಡೆಯುತ್ತದೆ. ಹಳೆ ಸೈಕಲ್ ಟ್ಯೂಬ್ ಬಳಸುವವರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಗುಣ ಸಿಕ್ಕಿತೋ ಇಲ್ಲವೋ ಎಂದು ತಿಳಿಯುವುದೂ ಸುಲಭ. ಗೋಡೆಯ ಪಕ್ಕ ನಿಂತು, ಬೆರಳಿಗೆ ಸೀಮೆಸುಣ್ಣ ಹಚ್ಚಿ, ಕೈ ಎತ್ತಿ ಒಂದು ಗುರುತು. ನಿಂತಲ್ಲಿಂದ ಹಾರಿ ಇನ್ನೊಂದು ಗುರುತು. ನಡುವಿನ ಅಂತರ ಅಳೆದು ತಾರೀಕು ಬರೆದಿಡಿ. ಅಮೆರಿಕದ ಸಾರ್ಜೆಂಟ್ ಎಂಬವರು 1921ರಲ್ಲೇ ಇಂಥ ಜಿಗಿತದ ಪರೀಕ್ಷೆಯ ಬಗ್ಗೆ ಬರೆದಿದ್ದರು. ಎಂಟು ವಾರ ಬಿಟ್ಟು ಅದೇ ಗೋಡೆಯಲ್ಲಿ ಮತ್ತೆ ಹಾರಿ. ಯಾರ ಮಾತನ್ನೂ ನಂಬುವುದು ಬೇಡ, ಗೋಡೆಯನ್ನು ನಂಬಿ.

ಪಟ್ಟಿ ಮಂತ್ರವಲ್ಲ

ಒಂದು ವಿಷಯ ಸ್ಪಷ್ಟ ಇರಲಿ. ರಬ್ಬರ್ ಎಳೆದ ಮಾತ್ರಕ್ಕೆ ಧೀಂಗಿಣ ಬರುವುದಿಲ್ಲ. ಬಲ ಕಚ್ಚಾ ವಸ್ತು. ಅದನ್ನು ತಾಳಕ್ಕೆ, ಸುತ್ತಿಗೆ, ಭಾವಕ್ಕೆ ಹೊಂದಿಸುವವರು ಗುರುಗಳೇ. ಮೊದಲ ನಾಲ್ಕಾರು ವಾರ ಬಲ ಬಂದ ಮೇಲೆ ನಿಜವಾದ ಹಾರಾಟದ ಅಭ್ಯಾಸ ಸೇರಬೇಕು. ಅದೂ ಕಡಿಮೆ ಸಂಖ್ಯೆಯಲ್ಲಿ, ಪೂರ್ತಿ ಮನಸ್ಸಿಟ್ಟು. ದಣಿದ ಮೇಲೆ ಹಾರುವ ನಲವತ್ತನೇ ಹಾರಾಟದಿಂದ ಬರುವುದು ಪೆಟ್ಟು ಮಾತ್ರ.

ಇಳಿಯುವುದನ್ನು ಬೇರೆಯಾಗಿಯೇ ಕಲಿಸಬೇಕು. ಸದ್ದಾಗದಂತೆ ಇಳಿ ಎನ್ನುವುದು ಸಾಕು. ಬೆಕ್ಕು ಇಳಿದ ಹಾಗೆ. ಸದ್ದು ಕಡಿಮೆಯಾಯಿತೆಂದರೆ ಮಂಡಿ, ಸೊಂಟ ಬಾಗಿ ಹೊಡೆತ ಹೀರಿತು ಎಂದು ಅರ್ಥ.

ಊರಿನವರ ಪಾಲೂ ಇದೆ. ಸಿಮೆಂಟಿನ ಮೇಲೆ ಹಲಗೆಯೋ ದಪ್ಪ ಚಾಪೆಯೋ ಹಾಕುವುದು ಆಟ ಆಡಿಸುವವರ ಕೆಲಸ. ನಿದ್ದೆ, ಊಟ, ನಡುವೆ ಒಂದು ದಿನದ ಬಿಡುವು ಮೇಳದವರ ಕೆಲಸ. ಇವು ಯಾವುದೂ ಇಲ್ಲದೆ ಪಟ್ಟಿ ಒಂದನ್ನೇ ಹುಡುಗನ ಕೈಗೆ ಕೊಟ್ಟು "ಮಾಡು" ಎಂದರೆ ಭಾರವನ್ನು ಮತ್ತೆ ಅವನ ತಲೆಗೇ ಹಾಕಿದ ಹಾಗಾಗುತ್ತದೆ.

ಮಕ್ಕಳು ಮತ್ತು ಹೆಣ್ಣುಮಕ್ಕಳು

ಉಡುಪಿ, ದಕ್ಷಿಣ ಕನ್ನಡದ ಶಾಲೆಗಳಲ್ಲಿ ಈಗ ಯಕ್ಷಗಾನ ಕಲಿಯುವ ಮಕ್ಕಳು ಎಷ್ಟೊಂದು ಜನ. ಹುಡುಗಿಯರೂ ಹುಡುಗರಷ್ಟೇ ಹುರುಪಿನಿಂದ ಕುಣಿಯುತ್ತಾರೆ. ಸಂತೋಷದ ವಿಷಯ. ಆದರೆ ವಾರ್ಷಿಕೋತ್ಸವಕ್ಕೆ ಒಂದು ತಿಂಗಳಿರುವಾಗ ತರಗತಿ ಶುರು ಮಾಡಿ, ಹದಿಮೂರರ ಮಗುವಿಗೆ ದಿನಕ್ಕೆ ಐವತ್ತು ಹಾರಾಟ ಮಾಡಿಸುವುದು ಸರಿಯಲ್ಲ. ಮಕ್ಕಳಿಗೆ ಮೊದಲು ಬರಿಯ ಮೈಭಾರದ ಬಸ್ಕಿ, ಇಳಿಯುವ ಪಾಠ, ಆಮೇಲೆ ಸಡಿಲ ಪಟ್ಟಿ.

ಹಾರಿ ತಿರುಗುವ ಆಟಗಳಲ್ಲಿ ಗಂಟಿನ ಒಳಗಿನ ಲಿಗಮೆಂಟ್ ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು ಎಂಬುದು ಕ್ರೀಡಾ ವೈದ್ಯರಿಗೆ ಬಹಳ ವರ್ಷದಿಂದ ಗೊತ್ತಿರುವ ಸಂಗತಿ. ಅದಕ್ಕೆ ಉತ್ತರ "ಹುಡುಗಿಯರು ಹಾರುವುದು ಬೇಡ" ಎಂಬುದಲ್ಲ. ಸೊಂಟದ, ತೊಡೆಯ ಬಲ ಮತ್ತು ಇಳಿಯುವ ಅಭ್ಯಾಸದಿಂದ ಆ ಅಪಾಯ ಇಳಿಯುತ್ತದೆ. ಅಡ್ಡ ನಡಿಗೆ ಅವರಿಗೆ ತಪ್ಪಲೇಬಾರದು.

ಯಾರು ಏನು ಮಾಡಬಹುದು?

ಮಳೆಗಾಲವೇ ಇದಕ್ಕೆ ಸರಿಯಾದ ಕಾಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿ ಕಳೆದು ಮೇಳ ಹೊರಡುವ ತನಕ ಐದು ತಿಂಗಳು ಸಿಗುತ್ತದೆ. ಚಿಕ್ಕಮೇಳಕ್ಕೆ ಹೋಗುವವರಿಗೂ ಬೆಳಿಗ್ಗೆ ಅರ್ಧ ಗಂಟೆ ಸಿಗದೆ ಇರದು. ಮೊದಲ ತಿಂಗಳು ವಿಶ್ರಾಂತಿ, ನೋವಿದ್ದರೆ ಚಿಕಿತ್ಸೆ. ಮುಂದಿನ ಮೂರು ತಿಂಗಳು ಪಟ್ಟಿ. ಕೊನೆಯ ತಿಂಗಳು ಹಾರಾಟ. ತಿರುಗಾಟ ಶುರುವಾದ ಮೇಲೆ ವಾರಕ್ಕೆ ಒಂದೆರಡು ಸಲ ಮಾಡಿದರೆ ಗಳಿಸಿದ ಬಲ ಉಳಿಯುತ್ತದೆ.

ಮೇಳದ ಯಜಮಾನರು ತಿರುಗಾಟಕ್ಕೆ ಮೊದಲು ಒಂದು ದಿನ ಫಿಸಿಯೋಥೆರಪಿಸ್ಟರನ್ನು ಕರೆಸಿ ಎಲ್ಲ ಕಲಾವಿದರ ಕಾಲು ನೋಡಿಸಬಹುದು. ಗಂಟು ಊದಿದವನಿಗೆ ಹತ್ತು ದಿನ ರಜೆ ಕೊಟ್ಟು, ವೇಷ ಅವನಿಗೇ ಉಳಿಯುತ್ತದೆ ಎಂದು ಮಾತು ಕೊಡಬಹುದು. ಆ ಮಾತು ಇಲ್ಲದ್ದರಿಂದಲೇ ಹುಡುಗರು ನೋವು ಮುಚ್ಚಿಡುವುದು.

ಯಕ್ಷಗಾನ ಅಕಾಡೆಮಿಯ ಕಮ್ಮಟಗಳಲ್ಲಿ, ತರಬೇತಿ ಕೇಂದ್ರಗಳಲ್ಲಿ ತಾಳ, ಹೆಜ್ಜೆ, ಅರ್ಥಗಾರಿಕೆಯ ಜೊತೆ ಕಾಲಿನ ಪಾಠಕ್ಕೂ ಒಂದು ಗಂಟೆ ಇಡಬಹುದು. ಕಷ್ಟದಲ್ಲಿರುವ ಕಲಾವಿದರಿಗೆ ನೆರವಾಗುವ ಸಂಘಟನೆಗಳು ನಮ್ಮಲ್ಲಿವೆ, ಅವರ ಕೆಲಸ ದೊಡ್ಡದು. ಕಲಾವಿದ ಬಿದ್ದ ಮೇಲೆ ಕೊಡುವ ನೆರವಿನ ಒಂದು ಸಣ್ಣ ಪಾಲು ಬೀಳದಂತೆ ನೋಡಿಕೊಳ್ಳಲು ಹೋಗಲಿ.

ಊರಿನ ಸಂಘಗಳಿಗೂ ಒಂದು ಮಾತು. ಸನ್ಮಾನಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ ಎಂದು ನಾವು ಮಾಡುವ ಖರ್ಚಿನಲ್ಲಿ ಒಂದು ತರಗತಿಯ ಮಕ್ಕಳಿಗೆಲ್ಲ ಪಟ್ಟಿ ಬರುತ್ತದೆ. ಸ್ಮರಣಿಕೆ ಕಪಾಟು ಸೇರುತ್ತದೆ. ಪಟ್ಟಿ ಕಾಲಿಗೆ ಸೇರುತ್ತದೆ.

ಇನ್ನು ನಮ್ಮ ಪಾಲು. ಧೀಂಗಿಣ ಎಣಿಸಿ ತಲೆಬರಹ ಕೊಡುವುದನ್ನು ನಾವು ಬಿಡುತ್ತೇವೆ. ಎಷ್ಟು ಹಾರಿದ ಎಂಬುದಕ್ಕಿಂತ ಹೇಗೆ ಹಾರಿದ, ಆ ಹಾರಾಟ ಪಾತ್ರಕ್ಕೆ ಏನು ಕೊಟ್ಟಿತು ಎಂದು ಬರೆಯಲು ಕಲಿಯುತ್ತೇವೆ. ಅಭಿಮನ್ಯುವಿನ ಹತ್ತು ಧೀಂಗಿಣದಲ್ಲಿ ಅವನ ಹದಿಹರೆಯದ ಧೈರ್ಯ ಕಂಡರೆ ಹನ್ನೊಂದನೆಯದು ಬೇಕಿಲ್ಲ. ನೋಡುವವರು ಎಣಿಸುವುದನ್ನು ಬಿಟ್ಟರೆ ಹಾರುವವರೂ ಲೆಕ್ಕಕ್ಕಾಗಿ ಹಾರುವುದನ್ನು ಬಿಡುತ್ತಾರೆ.

ಆ ಹುಡುಗನಿಗೆ ಕಳೆದ ವಾರ ಫೋನ್ ಮಾಡಿದೆವು. ಗಂಟಿನ ಊತ ಇಳಿದಿದೆಯಂತೆ, ಫಿಸಿಯೋ ಹತ್ತಿರ ಹೋಗುತ್ತಿದ್ದಾನಂತೆ. ಮನೆಯ ಜಗಲಿಯ ಕಂಬಕ್ಕೆ ಪಟ್ಟಿ ಕಟ್ಟಿದ್ದಾನೆ.

"ಅಮ್ಮ ಬೈತಾರೆ ಅಣ್ಣ, ಕರು ಕಟ್ಟುವ ಕಂಬಕ್ಕೆ ನಿನ್ನನ್ನು ಕಟ್ಟಿಕೊಂಡಿದ್ದೀಯಾ ಅಂತ."

"ಗೋಡೆಗೆ ಗುರುತು ಹಾಕಿದ್ದೀಯಾ?"

"ಹಾಕಿದ್ದೇನೆ. ಈಗ ಹಾರಲಿಕ್ಕೆ ಬಿಡುವುದಿಲ್ಲ ಅವರು. ಆಟಿ ಕಳೆಯಲಿ, ಎರಡನೇ ಗುರುತು ಹಾಕುತ್ತೇನೆ."

ಆ ಎರಡನೇ ಗುರುತಿಗೆ ನಾವೂ ಕಾಯುತ್ತಿದ್ದೇವೆ. ನಿಮ್ಮೂರಿನಲ್ಲೂ ಹೀಗೆ ಕಾಲು ಹಿಡಿದುಕೊಂಡು ಕೂತ ವೇಷಧಾರಿ ಇದ್ದರೆ ಮುಂದಿನ ಸಲ ಚೌಕಿಗೆ ಹೋದಾಗ ಸೆಲ್ಫಿ ಕೇಳುವ ಮುಂಚೆ ಒಂದು ಮಾತು ಕೇಳಿ: ಕಾಲು ಹೇಗಿದೆ?